ಬಿಪಿ ಜಾಸ್ತಿ ಇದೆ, ಹೃದಯ ಹೇಗಿದೆ? ನೀವೇ ತಿಳಿದುಕೊಳ್ಳುವ ಕ್ರಮ

"ಬಿಪಿ 150 ಇದೆ ಅಂದರು. ಆದರೆ ನನಗೆ ತಲೆನೋವಿಲ್ಲ, ಸುಸ್ತಿಲ್ಲ, ಮೆಟ್ಟಿಲು ಹತ್ತಿದರೂ ಏನೂ ಆಗಲ್ಲ. ಮತ್ತೆ ಮಾತ್ರೆ ಯಾಕೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪಿಲ್ಲ. ನೋವೇ ಇಲ್ಲದ ಕಾಯಿಲೆಗೆ ದಿನಾ ಔಷಧಿ ನುಂಗಬೇಕು ಎಂದರೆ ಯಾರಿಗೆ ತಾನೇ ಇಷ್ಟವಾಗುತ್ತದೆ?

ಆದರೆ ಬಿಪಿ ಏರಿದಾಗ ಹೃದಯ ಬೇಗ ದೂರು ಹೇಳುವುದಿಲ್ಲ. ತನ್ನ ಆಕಾರವನ್ನೇ ಬದಲಿಸಿಕೊಂಡು ಹೇಗೋ ಕೆಲಸ ನಡೆಸಿಕೊಂಡು ಹೋಗುತ್ತದೆ. ಇದು ವರ್ಷಗಟ್ಟಲೆ ನಡೆಯುತ್ತದೆ. ಏದುಸಿರು, ಕಾಲು ಊತ ಎಂದು ನಿಮಗೆ ಗೊತ್ತಾಗುವ ಹೊತ್ತಿಗೆ ಕೆಲಸ ಬಹಳ ಕೆಟ್ಟಿರುತ್ತದೆ. ಸಮಾಧಾನದ ವಿಷಯವೂ ಇದೆ. ಈ ಬದಲಾವಣೆಯ ಮೊದಲ ಹೆಜ್ಜೆಗಳು ಪರೀಕ್ಷೆಯಲ್ಲಿ ಕಾಣುತ್ತವೆ, ಬೇಗ ಬಿಪಿ ಇಳಿಸಿದರೆ ಎಷ್ಟೋ ಮಟ್ಟಿಗೆ ವಾಪಸ್ಸೂ ಹೋಗುತ್ತವೆ. ಹಾಗಾಗಿ "ನನ್ನ ಬಿಪಿ ಎಷ್ಟು?" ಎಂದು ಕೇಳಿ ಸುಮ್ಮನಾಗಬೇಡಿ. "ಈ ಬಿಪಿ ನನ್ನ ಹೃದಯಕ್ಕೆ ಇಷ್ಟು ದಿನದಲ್ಲಿ ಏನು ಮಾಡಿದೆ?" ಎಂದೂ ಕೇಳಿ. ಅದನ್ನು ತಿಳಿಯುವ ಕ್ರಮವನ್ನು ಕೆಳಗೆ ಕೊಟ್ಟಿದ್ದೇನೆ.

ಮೊದಲು ಇಷ್ಟು ಸಿದ್ಧ ಮಾಡಿಕೊಳ್ಳಿ

ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಬಿಪಿ ಯಂತ್ರ, ಬಟ್ಟೆ ಅಳೆಯುವ ಟೇಪು, ಒಂದು ನೋಟ್‌ಬುಕ್, ಮನೆಯಲ್ಲಿರುವ ಹಳೆಯ ಇಸಿಜಿ, ಎಕೋ, ರಕ್ತ ಪರೀಕ್ಷೆಯ ರಿಪೋರ್ಟ್‌ಗಳು. ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಬರೆದಿಡಿ. ನೋವಿನ ಮಾತ್ರೆ, ನೆಗಡಿ ಮಾತ್ರೆಯನ್ನೂ ಬಿಡಬೇಡಿ. ಅವುಗಳ ಪಾತ್ರ ಏನೆಂದು ಮುಂದೆ ಹೇಳುತ್ತೇನೆ.

ಮಣಿಕಟ್ಟಿಗೆ ಕಟ್ಟುವ ಯಂತ್ರ ಹಗುರ, ಅನುಕೂಲ, ನಿಜ. ಆದರೆ ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಅದರ ಅಂಕಿ ಬದಲಾಗುತ್ತದೆ. ತೋಳಿನ ಯಂತ್ರವನ್ನೇ ಆರಿಸಿ.

ಹಂತ 1: ಒಳಗೆ ಏನಾಗುತ್ತದೆ ಎಂದು ಅರ್ಥ ಮಾಡಿಕೊಳ್ಳಿ

ಈ ಹಂತವನ್ನು ಹಾರಿಸಿ ಮುಂದೆ ಹೋಗಬೇಡಿ. ಇದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಇಡೀ ದೇಹಕ್ಕೆ ರಕ್ತ ಕಳಿಸುವುದು ಎಡಗಡೆಯ ಕೆಳಕೋಣೆ. ವೈದ್ಯರು ಇದನ್ನು ಎಡ ಹೃತ್ಕುಕ್ಷಿ ಅಥವಾ ಎಲ್‌ವಿ ಎನ್ನುತ್ತಾರೆ. ನೀವು ಸುಮ್ಮನೆ ಕೂತಿದ್ದಾಗಲೂ ಇದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ.

ಈ ಕೋಣೆಯ ಬಾಯಲ್ಲಿ ಒಂದು ಕವಾಟ ಇದೆ. ಅದರಾಚೆ ಮಹಾಪಧಮನಿ, ಅಂದರೆ ದೇಹದ ಅತಿ ದೊಡ್ಡ ರಕ್ತನಾಳ. ಆ ನಾಳದಲ್ಲಿ ಒತ್ತಡ ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ಒತ್ತಿದರೆ ಮಾತ್ರ ಕವಾಟ ತೆರೆಯುತ್ತದೆ. ಆಚೆ ಕಡೆಯಿಂದ ಯಾರೋ ಒತ್ತಿ ಹಿಡಿದ ಬಾಗಿಲನ್ನು ದೂಡಿ ತೆರೆಯುವಂತಹ ಕೆಲಸ ಇದು. ಬಿಪಿ ಏರಿದರೆ ಆಚೆ ಕಡೆಯ ಒತ್ತು ಏರಿತು ಎಂದೇ ಅರ್ಥ. ದಿನಕ್ಕೆ ಲಕ್ಷ ಸಲ, ನೀವು ನಿದ್ದೆ ಮಾಡುವಾಗಲೂ, ಹೃದಯ ಈ ಹೆಚ್ಚಿನ ಶ್ರಮ ಹಾಕಬೇಕು.

ಇದರಿಂದ ಏನೇನಾಗುತ್ತದೆ ಎಂಬುದನ್ನು ಸಾಮಾನ್ಯವಾಗಿ ನಡೆಯುವ ಕ್ರಮದಲ್ಲೇ ನೋಡೋಣ.

ಮೊದಲು ಎಡ ಕೆಳಕೋಣೆಯ ಗೋಡೆ ದಪ್ಪವಾಗುತ್ತದೆ. ಸ್ನಾಯು ಬೆಳೆದರೆ ಒಳ್ಳೆಯದೇ ಅಲ್ವಾ ಎಂದು ಹಲವರು ಕೇಳುತ್ತಾರೆ. ಅಲ್ಲ. ವ್ಯಾಯಾಮ ಮಾಡುವಾಗ ಹೃದಯಕ್ಕೆ ಸ್ವಲ್ಪ ಹೊತ್ತು ಮಾತ್ರ ಹೊರೆ ಬೀಳುತ್ತದೆ, ಆಮೇಲೆ ವಿಶ್ರಾಂತಿ ಸಿಗುತ್ತದೆ. ಬಿಪಿಯ ಹೊರೆಗೆ ಬಿಡುವೇ ಇಲ್ಲ. ಹಾಗೆ ಬೆಳೆದ ಸ್ನಾಯುವಿನ ನಡುವೆ ನಾರಿನಂತಹ ಅಂಗಾಂಶವೂ ಸೇರಿಕೊಳ್ಳುತ್ತದೆ. ಗೋಡೆ ದಪ್ಪವೂ ಆಗುತ್ತದೆ, ಬಿರುಸೂ ಆಗುತ್ತದೆ.

ಬಿರುಸಾದ ಕೋಣೆ ಸರಿಯಾಗಿ ಸಡಿಲವಾಗುವುದಿಲ್ಲ. ಹೃದಯ ಹಿಂಡಿದಷ್ಟೇ ಮುಖ್ಯ, ಬಡಿತದ ನಡುವೆ ಸಡಿಲವಾಗಿ ರಕ್ತ ತುಂಬಿಕೊಳ್ಳುವುದು. ಇದು ಕುಂಠಿತವಾದರೆ ವೈದ್ಯರು ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ ಎನ್ನುತ್ತಾರೆ. ಕೋಣೆ ತುಂಬಿಕೊಳ್ಳಲು ಒಪ್ಪದಿದ್ದಾಗ ಒತ್ತಡ ಹಿಂದಕ್ಕೆ, ಎಡ ಮೇಲ್ಕೋಣೆಗೆ ಬರುತ್ತದೆ. ಅದು ಹಿಗ್ಗುತ್ತದೆ. ಹಿಗ್ಗಿದ ಮೇಲ್ಕೋಣೆಯಲ್ಲಿ ಬಡಿತ ತಾಳ ತಪ್ಪಬಹುದು. ಏಟ್ರಿಯಲ್ ಫಿಬ್ರಿಲೇಶನ್ ಎಂದು ರಿಪೋರ್ಟ್‌ನಲ್ಲಿ ಬರೆಯುವುದು ಇದನ್ನೇ. ಹೀಗಾದಾಗ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಲಕ್ವ ಹೊಡೆಯುವ ಅಪಾಯ ಇರುತ್ತದೆ.

ಇದರ ಜತೆಗೇ ಇನ್ನೊಂದು ಹಾನಿ ನಡೆಯುತ್ತಿರುತ್ತದೆ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳಗಳಿಗೆ ಕೊರೋನರಿ ನಾಳ ಎನ್ನುತ್ತಾರೆ. ಜಾಸ್ತಿ ಒತ್ತಡದ ರಕ್ತ ಸದಾ ಉಜ್ಜುತ್ತಿದ್ದರೆ ಅವುಗಳ ಒಳಪದರ ಹಾಳಾಗುತ್ತದೆ. ಅಲ್ಲಿ ಕೊಲೆಸ್ಟರಾಲ್ ಸೇರಿ ಗಡ್ಡೆ ಕಟ್ಟುತ್ತದೆ, ನಾಳ ಕಿರಿದಾಗುತ್ತದೆ. ಆ ಗಡ್ಡೆ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ. ದಪ್ಪ ಗೋಡೆಗೆ ರಕ್ತ ಜಾಸ್ತಿ ಬೇಕು, ನಾಳದಲ್ಲಿ ಬರುವುದು ಕಡಿಮೆ. ಹೀಗೆ ಎರಡೂ ಕಡೆಯಿಂದ ಹೃದಯಕ್ಕೆ ಪೆಟ್ಟು ಬೀಳುತ್ತದೆ.

ಕೊನೆಗೆ ದಣಿದ ಹೃದಯ ದೇಹಕ್ಕೆ ಬೇಕಾದಷ್ಟು ರಕ್ತ ಕೊಡಲಾಗದೆ ಹೋಗುತ್ತದೆ. ಇದೇ ಹಾರ್ಟ್ ಫೇಲ್ಯೂರ್, ಹೃದಯ ವೈಫಲ್ಯ. ಹೃದಯ ನಿಂತೇ ಹೋಯಿತು ಎಂದು ಇದರ ಅರ್ಥವಲ್ಲ. ಕೆಲವರಲ್ಲಿ ಗೋಡೆ ತೆಳುವಾಗಿ, ಕೋಣೆ ಹಿಗ್ಗಿ, ಹಿಂಡುವ ಶಕ್ತಿ ಕುಸಿಯುತ್ತದೆ. ಇನ್ನು ಕೆಲವರಲ್ಲಿ ಹಿಂಡುವ ಶಕ್ತಿ ಚೆನ್ನಾಗಿದ್ದರೂ ಬಿರುಸಿನಿಂದಲೇ ಹೀಗಾಗುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಶುರುವಾದ ಅಧ್ಯಯನ ಸಾವಿರಾರು ಜನರನ್ನು ದಶಕಗಳ ಕಾಲ ಗಮನಿಸಿತು. ಅಲ್ಲಿ ಹೃದಯ ವೈಫಲ್ಯ ಆದವರಲ್ಲಿ ಸುಮಾರು 10ರಲ್ಲಿ 9 ಮಂದಿಗೆ ಅದಕ್ಕೆ ಮುಂಚೆಯೇ ಬಿಪಿ ಇತ್ತು. "ನನಗೇನೂ ಆಗಿಲ್ಲ" ಎನ್ನುವವರು ಈ ಒಂದು ಅಂಕಿಯನ್ನು ನೆನಪಿಡಬೇಕು ಎನ್ನುವುದು ನನ್ನ ಕಳಕಳಿ.

ಹಂತ 2: ಬಿಪಿಯನ್ನು ಸರಿಯಾಗಿ ಅಳೆಯಿರಿ

ತಪ್ಪಾಗಿ ಅಳೆದ ಬಿಪಿಯಿಂದ ಎರಡೂ ಕಡೆ ನಷ್ಟ. ಬೇಡದ ಮಾತ್ರೆ ಸೇರಬಹುದು, ಬೇಕಾದ ಮಾತ್ರೆ ತಪ್ಪಬಹುದು. ಹೀಗೆ ಮಾಡಿ:

1. ಟೇಪಿನಿಂದ ತೋಳಿನ ನಡುಭಾಗದ ಸುತ್ತಳತೆ ನೋಡಿ. ಯಂತ್ರದ ಪಟ್ಟಿಯ ಮೇಲೆ ಅದು ಎಷ್ಟು ಸೆಂ.ಮೀ. ತೋಳಿಗೆ ಸರಿ ಎಂದು ಬರೆದಿರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದಿದ್ದರೂ ಇದೆ ಎಂದು ತೋರಿಸುತ್ತದೆ. ಬಹಳ ಮಂದಿ ಗಮನಿಸದ ತಪ್ಪು ಇದು.

2. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ತುಂಬಿದ ಮೂತ್ರಕೋಶವೂ ಬಿಪಿ ಏರಿಸುತ್ತದೆ.

3. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ 5 ನಿಮಿಷ ಸುಮ್ಮನೆ ಕೂರಿ. ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಹಾಕಬೇಡಿ. ಮೊಬೈಲ್ ಪಕ್ಕಕ್ಕಿಡಿ.

4. ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ. ಅದರ ಕೆಳ ಅಂಚು ಮೊಣಕೈ ಮಡಚುವ ಜಾಗದಿಂದ 2–3 ಸೆಂ.ಮೀ. ಮೇಲಿರಲಿ. ತೋಳನ್ನು ಮೇಜಿನ ಮೇಲೆ ಇಡಿ, ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಕೈ ಕೆಳಗೆ ಜೋತು ಬಿದ್ದರೆ ಅಂಕಿ ಸುಳ್ಳೇ ಏರುತ್ತದೆ.

5. ಯಂತ್ರ ಓಡುವಾಗ ಮಾತಾಡಬೇಡಿ. ಪಕ್ಕದಲ್ಲಿರುವವರೂ ಮಾತಾಡಿಸಬಾರದು.

6. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಎರಡನ್ನೂ ಬರೆದಿಡಿ.

7. ಬೆಳಗ್ಗೆ ಮಾತ್ರೆ ನುಂಗುವ ಮುಂಚೆ ಎರಡು ಸಲ, ಸಂಜೆ ಎರಡು ಸಲ, ಹೀಗೆ 7 ದಿನ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ.

ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ. ಅಂತರ 10ಕ್ಕಿಂತ ಜಾಸ್ತಿ ಇದ್ದರೆ, ಜಾಸ್ತಿ ತೋರಿಸುವ ತೋಳಿನಲ್ಲೇ ಮುಂದೆ ಅಳೆಯಿರಿ, ಆ ವಿಷಯ ವೈದ್ಯರಿಗೂ ಹೇಳಿ.

ಇಲ್ಲಿ ಜನ ಎಡವುವುದು ಹೇಗೆ ಎಂದು ಒಂದು ಉದಾಹರಣೆ ನೋಡಿ. ಮೊದಲ ದಿನ ಯಂತ್ರ 158/96 ತೋರಿಸಿತು ಎಂದುಕೊಳ್ಳಿ. ಗಾಬರಿಯಾಗಿ ಮತ್ತೆ ಮತ್ತೆ ಒತ್ತುತ್ತಾರೆ, 164, 167 ಎಂದು ಏರುತ್ತದೆ. ಗಾಬರಿಯೇ ಬಿಪಿ ಏರಿಸುತ್ತಿದೆ. ಅದೇ ಮನುಷ್ಯ ವಾರದ ಕೊನೆಗೆ ಸರಾಸರಿ ತೆಗೆದರೆ 141/87 ಬರಬಹುದು. ಇದೂ ಜಾಸ್ತಿಯೇ, ಚಿಕಿತ್ಸೆಯ ಮಾತು ಆಡಬೇಕಾದದ್ದೇ. ಆದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡುವಂಥದ್ದಲ್ಲ. ಇನ್ನೊಂದು ಕಡೆ, ಚೆನ್ನಾಗಿ ಬಂದ ಅಂಕಿಗಳನ್ನು ಮಾತ್ರ ಬರೆದಿಡುವವರಿದ್ದಾರೆ. ದಯವಿಟ್ಟು ಎಲ್ಲವನ್ನೂ ಬರೆಯಿರಿ. ನೋಟ್‌ಬುಕ್ ಚಂದ ಕಂಡರೆ ಹೃದಯಕ್ಕೆ ಏನೂ ಲಾಭವಿಲ್ಲ.

ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ ಯಂತ್ರದ ಅಂಕಿ ಅಷ್ಟು ನಂಬಿಕೆಗೆ ಬರುವುದಿಲ್ಲ. ಕೆಲವು ಯಂತ್ರಗಳು ಇದಕ್ಕೆ ಒಂದು ಗುರುತು ತೋರಿಸುತ್ತವೆ. ಆ ಗುರುತು ಪದೇ ಪದೇ ಬಂದರೆ ಇಸಿಜಿ ಮಾಡಿಸಲೇಬೇಕು.

ಹಂತ 3: ಅಂಕಿಯನ್ನು ಓದಿ

ಮೇಲಿನ ಅಂಕಿ ಹೃದಯ ಹಿಂಡಿದಾಗಿನ ಒತ್ತಡ, ಕೆಳಗಿನದು ಸಡಿಲವಾದಾಗಿನದು. ಆಸ್ಪತ್ರೆಯಲ್ಲಿ 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬಿಪಿ ಎಂದು ಹಲವು ದೇಶಗಳ ವೈದ್ಯರು ಗುರುತಿಸುತ್ತಾರೆ. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದವು. ಮನೆಯಲ್ಲಿ ಅಳೆದ ಸರಾಸರಿಗೆ ಹೆಚ್ಚಾಗಿ ಬಳಸುವ ಗೆರೆ 135/85.

ಎರಡರಲ್ಲಿ ಒಂದೇ ಅಂಕಿ ಗೆರೆ ದಾಟಿದರೂ ಲೆಕ್ಕಕ್ಕೆ ಬರುತ್ತದೆ. "ಕೆಳಗಿನದು 78 ಇದೆ, ಮೇಲಿನದು 160 ಆದರೇನು, ವಯಸ್ಸಾಯಿತಲ್ಲ" ಎನ್ನುವ ಮಾತು ಬಹಳ ಕೇಳುತ್ತೇನೆ. ವಯಸ್ಸಾದಂತೆ ದೊಡ್ಡ ರಕ್ತನಾಳಗಳು ಬಿರುಸಾಗಿ ಹೀಗಾಗುವುದು ನಿಜ. ಆದರೆ ಸಾಮಾನ್ಯವಾಗಿ ಕಾಣುತ್ತದೆ ಎಂದ ಮಾತ್ರಕ್ಕೆ ಅದು ನಿರಪಾಯ ಅಲ್ಲ.

ಈ ಗೆರೆಗಳು ಚಿಕಿತ್ಸೆಯ ಅನುಕೂಲಕ್ಕೆ ಮಾಡಿಕೊಂಡವು. ಹೃದಯಕ್ಕೆ ಗೆರೆ ಗೊತ್ತಿಲ್ಲ. 40ರಿಂದ 69 ವರ್ಷದವರಲ್ಲಿ, 115/75ರಿಂದ ಮೇಲಕ್ಕೆ, ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಏರಿದಂತೆಲ್ಲ ಹೃದಯದ ನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ದುಪ್ಪಟ್ಟಾಗುತ್ತದೆ ಎಂದು 2002ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ತೋರಿಸಿದೆ.

ಆಸ್ಪತ್ರೆಯಲ್ಲಿ ಮಾತ್ರ ಏರಿ ಮನೆಯಲ್ಲಿ ಸರಿ ಇರುವವರಿದ್ದಾರೆ. ಇದು ಬಿಳಿ ಕೋಟಿನ ಬಿಪಿ. ಇದಕ್ಕೆ ಉಲ್ಟಾ ಇನ್ನೊಂದಿದೆ: ಆಸ್ಪತ್ರೆಯಲ್ಲಿ ಸರಿ, ಮನೆಯಲ್ಲಿ, ಕೆಲಸದಲ್ಲಿ ಜಾಸ್ತಿ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಚಿಂತೆಯದು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಹೃದಯಕ್ಕೆ ಪೆಟ್ಟು ಮಾತ್ರ ತಪ್ಪುವುದಿಲ್ಲ. ಅನುಮಾನ ಬಂದರೆ ವೈದ್ಯರು 24 ಗಂಟೆ ಕಟ್ಟಿಕೊಳ್ಳುವ ಯಂತ್ರ ಕೊಡುತ್ತಾರೆ. ನಿದ್ದೆಯಲ್ಲಿ ಬಿಪಿ ಸಾಮಾನ್ಯವಾಗಿ 10ರಿಂದ 20 ಪರ್ಸೆಂಟ್ ಇಳಿಯಬೇಕು. ಇಳಿಯದಿದ್ದರೆ ಹೃದಯಕ್ಕೆ ರಾತ್ರಿಯೂ ಬಿಡುವಿಲ್ಲ ಎಂದರ್ಥ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿ ಎಚ್ಚರಾಗುವವರಲ್ಲಿ ಹೀಗಾಗುವುದು ಜಾಸ್ತಿ. ಆ ಗೊರಕೆಯ ವಿಷಯವನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ.

ಹಂತ 4: ಹೃದಯದ ಪರೀಕ್ಷೆ ಮಾಡಿಸಿ, ರಿಪೋರ್ಟ್ ಓದಲು ಕಲಿಯಿರಿ

ಬಿಪಿ ಇದೆ ಎಂದು ಖಚಿತವಾದವರಿಗೆಲ್ಲ ಒಂದು ಇಸಿಜಿ ಬೇಕು. ಜತೆಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ, ಸೋಡಿಯಂ, ಸಕ್ಕರೆ, ಕೊಲೆಸ್ಟರಾಲ್, ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ. ಕಿಡ್ನಿಯ ಪರೀಕ್ಷೆ ಯಾಕೆ ಎನ್ನಬೇಡಿ. ಬಿಪಿ ಕಿಡ್ನಿಯನ್ನು ಕೆಡಿಸುತ್ತದೆ, ಕೆಟ್ಟ ಕಿಡ್ನಿ ಬಿಪಿಯನ್ನು ಇನ್ನಷ್ಟು ಏರಿಸುತ್ತದೆ, ಎರಡರ ಭಾರವೂ ಹೃದಯದ ಮೇಲೆ ಬೀಳುತ್ತದೆ.

ಇಸಿಜಿ ಹೃದಯದ ವಿದ್ಯುತ್ ಓಟವನ್ನು ತೋರಿಸುತ್ತದೆ. ತಾಳ ತಪ್ಪಿದ್ದರೆ, ಹಿಂದೆ ಹೃದಯಾಘಾತ ಆಗಿದ್ದರೆ ಸುಳಿವು ಸಿಗುತ್ತದೆ. ಆದರೆ ಗೋಡೆ ದಪ್ಪವಾಗಿರುವುದನ್ನು ಅದು ಎಷ್ಟೋ ಸಲ ಹಿಡಿಯುವುದಿಲ್ಲ. "ಇಸಿಜಿ ನಾರ್ಮಲ್ ಬಂತು, ಹೃದಯಕ್ಕೇನೂ ಆಗಿಲ್ಲ" ಎಂದು ಅಲ್ಲಿಗೇ ಬಿಟ್ಟುಬಿಡುವುದು ತಪ್ಪು. ಬಿಪಿ ಹಲವು ವರ್ಷದಿಂದ ಇದ್ದರೆ, ಇಸಿಜಿಯಲ್ಲಿ ಏನಾದರೂ ಕಂಡರೆ, ಏದುಸಿರು ಇದ್ದರೆ, ಎಕೋ ಬೇಕೇ ಎಂದು ವೈದ್ಯರನ್ನು ಕೇಳಿ. ಎಕೋ ಎಂದರೆ ಹೃದಯದ ಸ್ಕ್ಯಾನ್. ಶಬ್ದದ ಅಲೆಗಳಿಂದ ಮಾಡುತ್ತಾರೆ, ನೋವಿಲ್ಲ, ಸೂಜಿ ಇಲ್ಲ.

ಎಕೋ ರಿಪೋರ್ಟ್ ಕೈಗೆ ಬಂದಾಗ ಈ ಸಾಲುಗಳನ್ನು ಹುಡುಕಿ.

ಐವಿಎಸ್‌ಡಿ ಮತ್ತು ಪಿಡಬ್ಲ್ಯುಡಿ. ಎಡ ಕೆಳಕೋಣೆಯ ಎರಡು ಗೋಡೆಗಳ ದಪ್ಪ ಇದು, ಮಿ.ಮೀ. ಅಥವಾ ಸೆಂ.ಮೀ.ನಲ್ಲಿ ಇರುತ್ತದೆ. ಹೆಂಗಸರಲ್ಲಿ 9 ಮಿ.ಮೀ., ಗಂಡಸರಲ್ಲಿ 10 ಮಿ.ಮೀ. ವರೆಗೆ ಸಾಮಾನ್ಯ. 13 ಎಂದಿದ್ದರೆ ಗೋಡೆ ದಪ್ಪವಾಗಿದೆ. ರಿಪೋರ್ಟ್‌ನ ಕೊನೆಯಲ್ಲಿ ಎಲ್‌ವಿಎಚ್ ಎಂದು ಬರೆದಿರುವುದು ಇದನ್ನೇ.

ಇಎಫ್, ಅಂದರೆ ಎಜೆಕ್ಷನ್ ಫ್ರ್ಯಾಕ್ಷನ್. ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಎಂಬ ಲೆಕ್ಕ. 60 ಪರ್ಸೆಂಟ್ ಎಂದು ನೋಡಿ "ನನ್ನ ಹೃದಯ 60ರಷ್ಟೇ ಕೆಲಸ ಮಾಡುತ್ತಿದೆ" ಎಂದು ನಿದ್ದೆಗೆಟ್ಟವರು ಬಹಳ. ಇಲ್ಲ, ಆರೋಗ್ಯವಂತ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಸುಮಾರು 50ರಿಂದ 70 ಇದ್ದರೆ ಹಿಂಡುವ ಶಕ್ತಿ ಚೆನ್ನಾಗಿದೆ. 40 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಶಕ್ತಿ ಕುಸಿದಿದೆ.

ಇದಕ್ಕೆ ಎದುರಾದ ತಪ್ಪೂ ಇದೆ. ಇಎಫ್ 65 ಇದೆ ಎಂದು ಖುಷಿಪಟ್ಟು ಉಳಿದ ಸಾಲುಗಳನ್ನು ಓದದೇ ಬಿಡುವುದು. ಬಿಪಿಯಿಂದ ದಪ್ಪವಾದ ಹೃದಯದಲ್ಲಿ ಇಎಫ್ ಬಹಳ ವರ್ಷ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಸಡಿಲವಾಗುವ ಕೆಲಸ. ಅದಕ್ಕೆ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ ಎಂಬ ಸಾಲು, ಗ್ರೇಡ್ 1, 2 ಅಥವಾ 3 ಎಂದು ಬರೆದಿರುತ್ತಾರೆ. ಗ್ರೇಡ್ 1 ವಯಸ್ಸಾದವರಲ್ಲಿ ಬಿಪಿ ಇಲ್ಲದಿದ್ದರೂ ಬಹಳ ಕಾಣುತ್ತದೆ, ಅದೊಂದನ್ನೇ ನೋಡಿ ಹೆದರುವುದು ಬೇಡ. ಗ್ರೇಡ್ 2, 3 ಇದ್ದರೆ, ಅಥವಾ ಎಡ ಮೇಲ್ಕೋಣೆ ಹಿಗ್ಗಿದೆ ಎಂದಿದ್ದರೆ, ವೈದ್ಯರ ಜತೆ ಕೂತು ಬಿಡಿಸಿ ಮಾತಾಡಿ.

ಹಳೆಯ ಎಕೋ ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಕೇಳಿ. ಒಂದೆರಡು ಮಿ.ಮೀ. ವ್ಯತ್ಯಾಸ ಅಳೆಯುವವರ ಕೈಯಿಂದಲೂ ಬರಬಹುದು. ಹಾಗಾಗಿ ಒಂದೇ ಅಂಕಿಯ ಮೇಲೆ ತೀರ್ಮಾನ ಬೇಡ.

ಹಂತ 5: ಹೃದಯ ಸೋಲುತ್ತಿರುವ ಗುರುತುಗಳನ್ನು ತಿಳಿದಿರಿ

ಇವು ನಿಧಾನವಾಗಿ ಬರುತ್ತವೆ. ಜನ ಇವಕ್ಕೆ ಬೇರೆ ಕಾರಣ ಹುಡುಕಿಕೊಳ್ಳುತ್ತಾರೆ: ವಯಸ್ಸು, ತೂಕ, ಗ್ಯಾಸ್.

ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಈಗ ನಡುವೆ ನಿಲ್ಲಬೇಕಾಗುತ್ತದೆ. ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟಿದಂತಾಗಿ ಒಂದು ದಿಂಬಿನ ಜಾಗಕ್ಕೆ ಎರಡು, ಮೂರು ಬೇಕಾಗುತ್ತವೆ. ರಾತ್ರಿ ನಿದ್ದೆಯಲ್ಲಿ ದಿಢೀರನೆ ಏದುಸಿರು ಬಂದು ಎದ್ದು ಕೂರುವಂತಾಗುತ್ತದೆ. ಸಂಜೆಗೆ ಪಾದ ಊದಿ, ಬೆರಳಿಂದ ಒತ್ತಿದರೆ ಕುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಎರಡು ಮೂರು ದಿನದಲ್ಲಿ ತೂಕ 2 ಕಿಲೋ ಏರುತ್ತದೆ. ಅದು ಕೊಬ್ಬಲ್ಲ, ದೇಹದಲ್ಲಿ ನಿಂತ ನೀರು. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ. ಕೆಲವು ಬಿಪಿ ಮಾತ್ರೆಗಳಿಂದಲೂ, ಮುಖ್ಯವಾಗಿ ಆಮ್ಲೋಡಿಪಿನ್‌ನಿಂದ, ಪಾದ ಊದುವುದುಂಟು. ಯಾವ ಊತ ಎಂದು ವೈದ್ಯರೇ ನೋಡಿ ಹೇಳಲಿ.

ತಕ್ಷಣ ಆಂಬ್ಯುಲೆನ್ಸ್ ಕರೆಯಬೇಕಾದಾಗ: ಎದೆ ಹಿಂಡಿದಂತೆ ಅಥವಾ ಭಾರ ಇಟ್ಟಂತೆ ನೋವು, ಬೆನ್ನಿಗೆ ಸೀಳಿದಂತೆ ದಿಢೀರ್ ನೋವು, ಕೂತಲ್ಲೇ ಏದುಸಿರು, ಮುಖ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಬಲ ಹೋಗುವುದು, ಮಾತು ತೊದಲುವುದು, ದಿಢೀರನೆ ಕಣ್ಣು ಮಂಜಾಗುವುದು. ಇಂಥ ಹೊತ್ತಿನಲ್ಲಿ ಬಿಪಿ ಎಷ್ಟು ಎಂದು ಅಳೆಯುತ್ತಾ ಕೂರಬೇಡಿ.

ಇವೇನೂ ಇಲ್ಲದೆ ಯಂತ್ರ 180/120 ದಾಟಿ ತೋರಿಸಿದರೆ? ಕೂತು, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಳೆಯಿರಿ. ಹಾಗೇ ಇದ್ದರೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ನೀವಾಗಿಯೇ ಎರಡು ಮಾತ್ರೆ ಜಾಸ್ತಿ ನುಂಗಬೇಡಿ. ನಿಫೆಡಿಪಿನ್ ಕ್ಯಾಪ್ಸೂಲ್ ಒಡೆದು ನಾಲಿಗೆ ಕೆಳಗೆ ಇಡುವ ಹಳೆಯ ರೂಢಿ ಇನ್ನೂ ಕೆಲವರಲ್ಲಿದೆ. ಅದು ಅಪಾಯ. ಬಿಪಿ ಒಮ್ಮೆಲೇ ಕುಸಿದರೆ ಹೃದಯಕ್ಕೂ ಮಿದುಳಿಗೂ ರಕ್ತ ಸಾಲದೆ ಹೃದಯಾಘಾತ, ಲಕ್ವ ಆಗಬಹುದು.

ಹಂತ 6: ಮಾತ್ರೆಯ ವಿಷಯದಲ್ಲಿ ತಪ್ಪು ಮಾಡಬೇಡಿ

ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು 1944ರ ಮಾರ್ಚ್‌ನಲ್ಲಿ ವೈದ್ಯರು ಪರೀಕ್ಷೆ ಮಾಡಿದಾಗ ಬಿಪಿ 186/108 ಇತ್ತು, ಹೃದಯ ದೊಡ್ಡದಾಗಿತ್ತು, ಹೃದಯ ವೈಫಲ್ಯ ಶುರುವಾಗಿತ್ತು. ಆಗ ಬಿಪಿ ಇಳಿಸಲು ಒಳ್ಳೆಯ ಮಾತ್ರೆಯೇ ಇರಲಿಲ್ಲ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರಿಗೆ 63 ವರ್ಷ. ಸುಲಭವಾಗಿ ತಗೊಳ್ಳಬಹುದಾದ, ಚೆನ್ನಾಗಿ ಕೆಲಸ ಮಾಡುವ ಬಿಪಿ ಮಾತ್ರೆಗಳು ಬಳಕೆಗೆ ಬಂದದ್ದು 1950ರ ದಶಕದ ಕೊನೆಗೆ. ಅವತ್ತು ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರಿಗೂ ಸಿಗದ ಚಿಕಿತ್ಸೆ ಇವತ್ತು ದಿನಕ್ಕೊಂದು ಮಾತ್ರೆಯಲ್ಲಿದೆ.

ಲಾಭ ಎಷ್ಟು? ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ, ಮೇಲಿನ ಬಿಪಿ 10 ಇಳಿಸಿದರೆ ಹೃದಯಾಘಾತ, ಲಕ್ವದಂತಹ ದೊಡ್ಡ ಅನಾಹುತಗಳು ಸುಮಾರು ಐದನೇ ಒಂದು ಪಾಲು ಕಡಿಮೆಯಾಗುತ್ತವೆ. ಹೃದಯ ವೈಫಲ್ಯ ಕಾಲು ಪಾಲಿಗಿಂತಲೂ ಜಾಸ್ತಿ ಇಳಿಯುತ್ತದೆ. ದಪ್ಪವಾದ ಗೋಡೆಯೂ ತಿಂಗಳುಗಳಲ್ಲಿ ನಿಧಾನವಾಗಿ ತೆಳುವಾಗುತ್ತಾ ಬರುತ್ತದೆ.

ಎಷ್ಟಕ್ಕೆ ಇಳಿಸಬೇಕು ಎಂಬುದು ಒಬ್ಬೊಬ್ಬರಿಗೆ ಒಂದೊಂದು. 2015ರಲ್ಲಿ ಪ್ರಕಟವಾದ ಸ್ಪ್ರಿಂಟ್ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆ ಇಲ್ಲದ, ಅಪಾಯ ಜಾಸ್ತಿ ಇರುವ 9,300ಕ್ಕೂ ಹೆಚ್ಚು ಜನರಲ್ಲಿ, ಮೇಲಿನ ಬಿಪಿಯನ್ನು 120ರ ಕೆಳಗೆ ತರಲು ನೋಡಿದ ಗುಂಪಿನಲ್ಲಿ 140ರ ಕೆಳಗೆ ಸಾಕೆಂದ ಗುಂಪಿಗಿಂತ ಸಾವು ಮತ್ತು ಹೃದಯ ವೈಫಲ್ಯ ಕಡಿಮೆ ಕಂಡವು. ಆದರೆ ತಲೆಸುತ್ತಿ ಬೀಳುವುದು, ಕಿಡ್ನಿಗೆ ತೊಂದರೆ ಜಾಸ್ತಿ ಇದ್ದವು. ಅಲ್ಲಿ ಬಿಪಿ ಅಳೆದದ್ದೂ ಬಹಳ ಶಿಸ್ತಿನಿಂದ. ಹಾಗಾಗಿ "ನನ್ನ ಗುರಿ ಎಷ್ಟು?" ಎಂದು ನಿಮ್ಮ ವೈದ್ಯರನ್ನೇ ಕೇಳಿ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ.

ಯಾವ ಮಾತ್ರೆ ಏನು ಮಾಡುತ್ತದೆ ಎಂದು ಚುಟುಕಾಗಿ ಹೇಳುತ್ತೇನೆ. ಹೆಸರು ಪ್ರಿಲ್ ಎಂದು ಮುಗಿಯುವವು, ಉದಾಹರಣೆಗೆ ರಾಮಿಪ್ರಿಲ್, ಮತ್ತು ಸಾರ್ಟನ್ ಎಂದು ಮುಗಿಯುವವು, ಉದಾಹರಣೆಗೆ ಟೆಲ್ಮಿಸಾರ್ಟನ್, ನಾಳಗಳನ್ನು ಸಡಿಲಿಸುತ್ತವೆ. ಹೃದಯದ ಗೋಡೆಗೂ ಕಿಡ್ನಿಗೂ ಒಳ್ಳೆಯವು. ಪ್ರಿಲ್ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ, ಹೇಳಿದರೆ ಬದಲಿಸಿ ಕೊಡುತ್ತಾರೆ. ಈ ಎರಡೂ ಬಗೆಯವನ್ನು ಗರ್ಭಿಣಿಯರು ತಗೊಳ್ಳಬಾರದು, ಗರ್ಭ ಧರಿಸುವ ಯೋಚನೆ ಇದ್ದರೂ ಮೊದಲೇ ತಿಳಿಸಿ. ಆಮ್ಲೋಡಿಪಿನ್ ಕೂಡ ನಾಳ ಹಿಗ್ಗಿಸುತ್ತದೆ. ಕ್ಲೋರ್ತಾಲಿಡೋನ್‌ನಂಥವು ಉಪ್ಪು, ನೀರನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಮೆಟೊಪ್ರೊಲಾಲ್‌ನಂಥವು ಬಡಿತವನ್ನು ನಿಧಾನ ಮಾಡುತ್ತವೆ. ಇವನ್ನು ದಿಢೀರ್ ನಿಲ್ಲಿಸಿದರೆ ಬಿಪಿ, ಬಡಿತ ಎರಡೂ ಹಾರುತ್ತವೆ, ಎದೆನೋವೂ ಬರಬಹುದು.

ಎರಡು ಬಗೆಯ ಮಾತ್ರೆ ಬರೆದರೆ ಕಾಯಿಲೆ ಕೈಮೀರಿತು ಎಂದುಕೊಳ್ಳಬೇಡಿ. ಒಂದರ ಡೋಸ್ ಏರಿಸುವುದಕ್ಕಿಂತ ಎರಡನ್ನು ಸಣ್ಣ ಪ್ರಮಾಣದಲ್ಲಿ ಕೊಡುವುದು ಹೆಚ್ಚಾಗಿ ಚೆನ್ನಾಗಿ ಕೆಲಸ ಮಾಡುತ್ತದೆ, ಅಡ್ಡ ಪರಿಣಾಮವೂ ಕಡಿಮೆ.

ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು: ಬಿಪಿ 120ಕ್ಕೆ ಬಂತು, ವಾಸಿಯಾಯಿತು ಎಂದು ಮಾತ್ರೆ ಬಿಡುವುದು. ಆ 120 ಬಂದದ್ದೇ ಮಾತ್ರೆಯಿಂದ. ಬಿಟ್ಟರೆ ಬಹುತೇಕರಲ್ಲಿ ಮತ್ತೆ ಏರುತ್ತದೆ, ಹೃದಯದ ಗೋಡೆ ಮತ್ತೆ ದಪ್ಪವಾಗಲು ಶುರು. ತೂಕ ಇಳಿದು, ಉಪ್ಪು ಕಡಿಮೆಯಾಗಿ ಬಿಪಿ ನಿಜಕ್ಕೂ ಇಳಿದಿದ್ದರೆ ವೈದ್ಯರೇ ಡೋಸ್ ಕಡಿಮೆ ಮಾಡುತ್ತಾರೆ.

ಮೊದಲು ಬರೆಸಿದ್ದ ಮಾತ್ರೆಗಳ ಪಟ್ಟಿಯನ್ನು ಈಗ ತೆಗೆಯಿರಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ದೇಹದಲ್ಲಿ ನೀರು ನಿಲ್ಲಿಸುತ್ತವೆ. ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೊಎಫೆಡ್ರಿನ್ ಇರುವ ಮಾತ್ರೆಗಳು, ಸ್ಟೀರಾಯ್ಡ್‌ಗಳು, ಕೆಲವು ಗರ್ಭನಿರೋಧಕ ಮಾತ್ರೆಗಳೂ ಅಷ್ಟೇ. ಮಾತ್ರೆ ತಗೊಂಡರೂ ಬಿಪಿ ಇಳಿಯುತ್ತಿಲ್ಲ ಎನ್ನುವವರು ಮೊದಲು ಈ ಪಟ್ಟಿಯನ್ನು ವೈದ್ಯರಿಗೆ ತೋರಿಸಲಿ. ಚಿಕ್ಕ ವಯಸ್ಸಿನಲ್ಲೇ ಬಿಪಿ ಬಂದಿದ್ದರೆ, ಮೂರು ಬಗೆಯ ಮಾತ್ರೆಗೂ ಬಗ್ಗದಿದ್ದರೆ, ಕಿಡ್ನಿಯ ನಾಳ, ಅಡ್ರಿನಲ್ ಗ್ರಂಥಿ, ಥೈರಾಯ್ಡ್ ತೊಂದರೆ ಇದೆಯೇ ಎಂದು ಹುಡುಕಬೇಕಾಗುತ್ತದೆ.

ಹಂತ 7: ಉಪ್ಪು, ನಡಿಗೆ, ತೂಕ

ಇದೆಲ್ಲ ಕೇಳಿ ಕೇಳಿ ಸಾಕಾಗಿರುತ್ತದೆ. ಅಳತೆ ಮಾತ್ರ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ, ಅಡುಗೆಯದೂ ಪ್ಯಾಕೆಟ್ ತಿನಿಸಿನದೂ ಸೇರಿ. ಮೇಲೆ ಉದುರಿಸಿಕೊಳ್ಳುವುದನ್ನು ಬಿಟ್ಟೆ ಎನ್ನುವವರು ಪ್ಯಾಕೆಟ್ ಹಿಂದೆ ಬರೆದ ಸೋಡಿಯಂ ಲೆಕ್ಕವನ್ನೂ ನೋಡಲಿ. 2 ಗ್ರಾಂ ಸೋಡಿಯಂ ಎಂದರೆ 5 ಗ್ರಾಂ ಉಪ್ಪು.

ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಹಲವರಿಗೆ ಅದು ಒಳ್ಳೆಯದೇ. ಆದರೆ ಕಿಡ್ನಿ ಕೆಟ್ಟಿರುವವರು, ಪ್ರಿಲ್ ಅಥವಾ ಸಾರ್ಟನ್ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ.

ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ತೂಕ ಜಾಸ್ತಿ ಇದ್ದವರಲ್ಲಿ ಒಂದು ಕಿಲೋ ಇಳಿದರೆ ಮೇಲಿನ ಬಿಪಿ ಸುಮಾರು 1 ಇಳಿಯುತ್ತದೆ. ಮದ್ಯ ಕಡಿಮೆಯಾದಷ್ಟೂ ಒಳ್ಳೆಯದು. ಸಿಗರೇಟು ಪೂರ್ತಿ ಬಿಡಬೇಕು, ಅದರಲ್ಲಿ ರಾಜಿ ಇಲ್ಲ. ಬಿಪಿ ಗಾಯ ಮಾಡಿದ ನಾಳದ ಒಳಪದರಕ್ಕೆ ಹೊಗೆ ಇನ್ನಷ್ಟು ಗಾಯ ಮಾಡುತ್ತದೆ.

ಹಂತ 8: ವೈದ್ಯರ ಬಳಿ ಹೋಗುವಾಗ

ನೋಟ್‌ಬುಕ್ ಮತ್ತು ನಿಮ್ಮ ಯಂತ್ರ ಎರಡನ್ನೂ ಒಯ್ಯಿರಿ. ಅವರ ಯಂತ್ರದ ಪಕ್ಕದಲ್ಲೇ ನಿಮ್ಮದನ್ನೂ ಇಟ್ಟು ಅಳೆದರೆ ನಿಮ್ಮದು ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಅಲ್ಲಿ ಕೂತಾಗ ಅರ್ಧ ಮರೆತು ಹೋಗುತ್ತದೆ:

1. ನನ್ನ ಬಿಪಿ ಎಷ್ಟಕ್ಕೆ ಬರಬೇಕು?
2. ಹೃದಯದ ಗೋಡೆ ದಪ್ಪವಾಗಿದೆಯೇ? ಎಡ ಮೇಲ್ಕೋಣೆ ಹಿಗ್ಗಿದೆಯೇ?
3. ಬಡಿತದ ತಾಳ ಸರಿಯಾಗಿದೆಯೇ?
4. ಕೊಲೆಸ್ಟರಾಲ್‌ಗೂ ಮಾತ್ರೆ ಬೇಕೇ?
5. ಮುಂದಿನ ರಕ್ತ ಪರೀಕ್ಷೆ ಯಾವಾಗ, ಎಕೋ ಮತ್ತೆ ಬೇಕೇ?

ಹೊಸ ಮಾತ್ರೆ ಶುರು ಮಾಡಿದ ಮೇಲೆ ಅದರ ಪೂರ್ತಿ ಪರಿಣಾಮ ಕಾಣಲು ಕೆಲವು ವಾರ ಬೇಕು. ಎರಡು ದಿನ ನೋಡಿ "ಇದು ನನಗೆ ಆಗಿಬರಲ್ಲ" ಎನ್ನಬೇಡಿ. ಪ್ರಿಲ್, ಸಾರ್ಟನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದರೆ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಒಮ್ಮೆ ಮಾಡಿಸಬೇಕಾಗುತ್ತದೆ. ವೈದ್ಯರು ಹೇಳಲು ಮರೆತರೆ ನೀವೇ ನೆನಪಿಸಿ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದಂತಾದರೆ ಕೂತಾಗ ಒಮ್ಮೆ, ನಿಂತು ಒಂದು ನಿಮಿಷದ ಮೇಲೆ ಒಮ್ಮೆ, ಮೂರು ನಿಮಿಷದ ಮೇಲೆ ಒಮ್ಮೆ ಬಿಪಿ ಅಳೆದು ಬರೆದಿಡಿ. ಮೇಲಿನ ಬಿಪಿ 20 ಅಥವಾ ಅದಕ್ಕಿಂತ ಜಾಸ್ತಿ ಕುಸಿಯುತ್ತಿದ್ದರೆ ಮಾತ್ರೆಯ ಡೋಸ್ ಅಥವಾ ಹೊತ್ತು ಬದಲಿಸಬೇಕಾಗಬಹುದು. ಅದನ್ನು ತೀರ್ಮಾನಿಸಲು ವೈದ್ಯರಿಗೆ ನಿಮ್ಮ ನೋಟ್‌ಬುಕ್‌ನ ಈ ಮೂರು ಅಂಕಿಗಳು ಬೇಕೇ ಬೇಕು.